ಆಂಟೆನಾದ ಇನ್ನರ್ಧ: ಹಾಯಿದೋಣಿಯ ರೇಡಿಯೊಗೆ ಸಮುದ್ರವನ್ನು ಜೋಡಿಸುವ ಬಗೆ

ಮನೆಯ ವಿದ್ಯುತ್ ಜೋಡಣೆಯಲ್ಲಿ ಅರ್ಥಿಂಗ್ ಎಂದರೆ ಉಪಕರಣದ ಲೋಹದ ಕವಚದಿಂದ ಹೊರಟು, ಉಪ್ಪು ಮತ್ತು ಇದ್ದಿಲು ತುಂಬಿದ ಗುಂಡಿಯಲ್ಲಿ ಹೂತ ಕೊಳವೆಯನ್ನು ಸೇರುವ ತಂತಿ. ಅದರಲ್ಲಿ ಸಾಮಾನ್ಯವಾಗಿ ಏನೂ ಹರಿಯುವುದಿಲ್ಲ, ಎಲ್ಲಾದರೂ ಹೊದಿಕೆ ಹರಿದು ವಿದ್ಯುತ್ ಸೋರಿದಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಸಾಗರಯಾನಕ್ಕೆ ಹೊರಡುವ ಹಾಯಿದೋಣಿಯ ದೂರಸಂಪರ್ಕ ರೇಡಿಯೊಗೆ ಬೇಕಾದ ಗ್ರೌಂಡ್ ಸ್ವಭಾವದಲ್ಲಿ ಇದಕ್ಕಿಂತ ತೀರ ಬೇರೆಯಾದದ್ದು. ಮೈಕಿನ ಗುಂಡಿ ಒತ್ತಿ ಮಾತನಾಡಿದಷ್ಟು ಹೊತ್ತೂ ಆಂಟೆನಾದ ಬುಡದಲ್ಲಿ ಎಷ್ಟು ಪ್ರವಾಹ ಹರಿಯುತ್ತದೆಯೋ ಅಷ್ಟೇ ಪ್ರವಾಹ ಗ್ರೌಂಡಿನಲ್ಲಿಯೂ ಹರಿಯುತ್ತಿರುತ್ತದೆ, ಆ ದಾರಿ ಕೆಟ್ಟದಾಗಿದ್ದರೆ ಪ್ರಸಾರದ ಶಕ್ತಿಯ ಬಹುಪಾಲು ಗಾಳಿಗೆ ಸೇರುವ ಮೊದಲೇ ಬಿಸಿಯಾಗಿ ಕಳೆದುಹೋಗುತ್ತದೆ. ದೋಣಿಯವರು ಆಂಟೆನಾ ಎಂದು ಬೆರಳು ಮಾಡಿ ತೋರಿಸುವ ತಂತಿ ಅದರ ಅರ್ಧಭಾಗ ಮಾತ್ರ; ಉಳಿದರ್ಧ ನೀರಿನಲ್ಲಿದೆ.

ದೋಣಿಯ ಎಲ್ಲ ರೇಡಿಯೊಗಳಿಗೂ ಈ ಏರ್ಪಾಡು ಬೇಕಿಲ್ಲ. ಮಲ್ಪೆ, ಮಂಗಳೂರಿನ ಆಳಸಮುದ್ರ ಮೀನುಗಾರಿಕೆ ಬೋಟುಗಳಲ್ಲಿಯೂ ಕಾಣಸಿಗುವ ವಿಎಚ್‌ಎಫ್ ಸೆಟ್ಟು 156ರಿಂದ 162 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಕೆಲಸ ಮಾಡುತ್ತದೆ, ಅಲ್ಲಿ ತರಂಗದೂರ, ಅಂದರೆ ಒಂದು ಅಲೆಯ ಶಿಖರದಿಂದ ಮುಂದಿನ ಶಿಖರದವರೆಗಿನ ಅಂತರ, ಎರಡು ಮೀಟರಿಗಿಂತ ಕಡಿಮೆ. ಅದರ ಅರ್ಧದಷ್ಟು ಉದ್ದದ, ತನ್ನಷ್ಟಕ್ಕೆ ತಾನೇ ಪೂರ್ಣವಾದ ಆಂಟೆನಾವನ್ನು ಕೂವೆಮರದ ತುದಿಯಲ್ಲಿ ನಿಲ್ಲಿಸಿಬಿಟ್ಟರೆ ಗ್ರೌಂಡಿನ ಗೊಡವೆಯಿಲ್ಲ. ಆದರೆ ಆ ಅಲೆಗಳು ಹೆಚ್ಚುಕಡಿಮೆ ದಿಗಂತದವರೆಗೆ ಮಾತ್ರ ಹೋಗಬಲ್ಲವು. ದಡದಿಂದ ಸಾವಿರಾರು ಕಿಲೊಮೀಟರ್ ದೂರದಲ್ಲಿರುವ ದೋಣಿಗೆ ಬೇಕಾಗುವುದು ಸುಮಾರು 2ರಿಂದ 26 ಮೆಗಾಹರ್ಟ್ಸ್‌ವರೆಗಿನ ಮಧ್ಯಮ ಮತ್ತು ಉಚ್ಚ ಆವೃತ್ತಿಯ ಸಿಂಗಲ್ ಸೈಡ್‌ಬ್ಯಾಂಡ್ ರೇಡಿಯೊ. ಅದರ ಅಲೆಗಳು ವಾಯುಮಂಡಲದ ಮೇಲ್ಭಾಗದ ಅಯಾನುಗೋಳಕ್ಕೆ ತಗುಲಿ ಬಾಗಿ ಮತ್ತೆ ಭೂಮಿಗೆ ಇಳಿಯುತ್ತವೆ. ಉಪಗ್ರಹ ಫೋನುಗಳು ಬಂದ ಮೇಲೆ ಇದರ ಬಳಕೆ ತಗ್ಗಿದೆಯಾದರೂ ತಿಂಗಳ ಬಾಡಿಗೆಯಿಲ್ಲದೆ ಹವಾಮಾನ ನಕ್ಷೆ, ಇಮೇಲ್, ಮಾತು ಮೂರನ್ನೂ ಕೊಡುವ, ಒಬ್ಬರ ಕರೆಯನ್ನು ಸುತ್ತಲಿನ ಎಲ್ಲ ನಾವೆಗಳೂ ಒಟ್ಟಿಗೇ ಕೇಳಿಸಿಕೊಳ್ಳುವಂತೆ ಮಾಡುವ ಸಾಧನವಾಗಿ ಅದು ಇಂದಿಗೂ ದೂರಯಾನದ ದೋಣಿಗಳಲ್ಲಿ ಉಳಿದುಕೊಂಡಿದೆ.

ತೊಡಕು ಇರುವುದು ಅಳತೆಯಲ್ಲಿ. 2 ಮೆಗಾಹರ್ಟ್ಸ್‌ನ ತರಂಗದೂರ 150 ಮೀಟರ್. ಅದರ ಅರ್ಧದಷ್ಟು ಉದ್ದದ ಆಂಟೆನಾವನ್ನು ಹೊರುವ ಹಾಯಿದೋಣಿ ಸಾಮಾನ್ಯರ ಕೈಗೆ ಎಟುಕುವುದಿಲ್ಲ. ಆದ್ದರಿಂದ ಇರುವುದನ್ನೇ ಬಳಸಿಕೊಳ್ಳುವ ರೂಢಿ ಬೆಳೆದಿದೆ. ಕೂವೆಮರ ಮುಂದಕ್ಕೆ ವಾಲದಂತೆ ಅದರ ತುದಿಯಿಂದ ದೋಣಿಯ ಹಿಂತುದಿಗೆ ಬಿಗಿಯುವ, ಬ್ಯಾಕ್‌ಸ್ಟೇ ಎನ್ನಲಾಗುವ ಉಕ್ಕಿನ ಹಗ್ಗದಲ್ಲಿ ಮೇಲೊಂದು ಕೆಳಗೊಂದು ವಿದ್ಯುತ್ ನಿರೋಧಕ ತುಂಡನ್ನು ಸೇರಿಸಿದರೆ, ನಡುವಿನ ಹತ್ತು–ಹದಿನಾಲ್ಕು ಮೀಟರ್ ಉದ್ದ ಆಂಟೆನಾ ಆಗುತ್ತದೆ. ಕೆಳಗಿನ ನಿರೋಧಕವನ್ನು ಆಳಿನ ಕೈಗೆ ಎಟುಕದಷ್ಟು ಎತ್ತರದಲ್ಲಿಡುವುದು ವಾಡಿಕೆ, ಏಕೆಂದರೆ ಪ್ರಸಾರದ ವೇಳೆ ಆಂಟೆನಾವನ್ನು ಮುಟ್ಟಿದವರ ಚರ್ಮ ಸುಡುತ್ತದೆ. ಒಂದೇ ಉದ್ದದ ಹಗ್ಗವನ್ನು ಎಲ್ಲ ಆವೃತ್ತಿಗಳಿಗೂ ಒಗ್ಗಿಸುವ ಹೊಣೆ ಟ್ಯೂನರ್ ಎಂಬ ಪೆಟ್ಟಿಗೆಯದು. ದೋಣಿಯ ಹಿಂಭಾಗದ ಸಾಮಾನು ಗೂಡಿನಲ್ಲಿ ಕೂರುವ ಈ ಪೆಟ್ಟಿಗೆಯಲ್ಲಿ ಎರಡು ತಿರುಪುಗಳಿರುತ್ತವೆ: ಒಂದರಿಂದ ತಂತಿ ಬ್ಯಾಕ್‌ಸ್ಟೇಗೆ ಏರುತ್ತದೆ, ಇನ್ನೊಂದು ಗ್ರೌಂಡಿಗೆ. ಆ ಎರಡನೆಯ ತಿರುಪಿಗೆ ಏನನ್ನು ಕಟ್ಟಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಪ್ರಶ್ನೆ ಹಳೆಯದು. ಇಟಲಿಯ ಗುಲ್ಯೆಲ್ಮೊ ಮಾರ್ಕೊನಿ 1895ರಲ್ಲಿ ಬೊಲೊನ್ಯಾ ಬಳಿಯ ತನ್ನ ಮನೆಯಂಗಳದಲ್ಲಿ ಪ್ರಯೋಗ ನಡೆಸುತ್ತಿದ್ದಾಗ ಪ್ರೇಷಕದ ಒಂದು ತುದಿಯನ್ನು ಎತ್ತರಕ್ಕೆ ಏರಿಸಿ, ಇನ್ನೊಂದನ್ನು ನೆಲದಲ್ಲಿ ಹೂತ ಲೋಹದ ತಗಡಿಗೆ ಜೋಡಿಸಿದ, ಸಂಕೇತಗಳು ಆಗ ಗುಡ್ಡದಾಚೆಗೂ ತಲುಪತೊಡಗಿದವು. ನೆಲ ಒಳ್ಳೆಯ ವಾಹಕವಾಗಿದ್ದರೆ ಅದು ಕನ್ನಡಿಯಂತೆ ವರ್ತಿಸಿ ಆಂಟೆನಾದ ಕಾಣದ ಕೆಳಾರ್ಧವನ್ನು ತಾನೇ ಒದಗಿಸುತ್ತದೆ ಎಂಬುದು ಇದರ ಹಿಂದಿನ ತತ್ತ್ವ. ಆದರೆ ಮಣ್ಣು ಒಳ್ಳೆಯ ವಾಹಕವಲ್ಲ. 1937ರಲ್ಲಿ ಅಮೆರಿಕದ ಬ್ರೌನ್, ಲೂಯಿಸ್, ಎಪ್‌ಸ್ಟೈನ್ ಎಂಬ ಮೂವರು ಎಂಜಿನಿಯರರು ಪ್ರಕಟಿಸಿದ ಅಳತೆಗಳ ಬಳಿಕ, ಪ್ರಸಾರ ಕೇಂದ್ರದ ಗೋಪುರದ ಸುತ್ತ 120 ತಾಮ್ರದ ತಂತಿಗಳನ್ನು ಚಕ್ರದ ಅರಗಳ ಹಾಗೆ ನೆಲದಲ್ಲಿ ಹೂಳುವುದು ಅಲ್ಲಿ ರೂಢಿಯಾಯಿತು. ನೆಲದ ಮೇಲಿನವರಿಗೆ ಇಷ್ಟು ಖರ್ಚಿನಲ್ಲಿ ಸಿಗುವುದು ಸಮುದ್ರದ ಮೇಲಿನವರಿಗೆ ಪುಕ್ಕಟೆಯಾಗಿ ಸಿಕ್ಕಿದೆ. ಉಪ್ಪುನೀರಿನ ವಾಹಕತೆ ಮೀಟರಿಗೆ ನಾಲ್ಕೈದು ಸೀಮೆನ್ಸ್. ಸಾಮಾನ್ಯ ಮಣ್ಣಿನದು ಅದರ ನೂರನೆಯ ಒಂದು ಪಾಲಿನಿಂದ ಸಾವಿರದ ಒಂದು ಪಾಲಿನವರೆಗೆ. 8 ಮೆಗಾಹರ್ಟ್ಸ್‌ನ ಪ್ರವಾಹ ಸಮುದ್ರದಲ್ಲಿ ಸುಮಾರು ಒಂಬತ್ತು ಸೆಂಟಿಮೀಟರ್ ಆಳಕ್ಕೆ ಇಳಿಯುವಷ್ಟರಲ್ಲಿ ಮೂರನೆಯ ಒಂದು ಪಾಲಿಗೆ ಕುಗ್ಗಿಬಿಡುತ್ತದೆ, ಅಂದರೆ ರೇಡಿಯೊದ ಪಾಲಿಗೆ ಸಾಗರವೆಂಬುದು ಒಂದು ಗೇಣಿನೊಳಗಿನ ಮೇಲ್ಪದರ ಮಾತ್ರ.

ಈ ಮೇಲ್ಪದರ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ, ಅವೆರಡನ್ನೂ ಒಂದೆಂದು ಭಾವಿಸುವುದರಿಂದ ಹಲವು ಗೊಂದಲಗಳು ಹುಟ್ಟಿವೆ. ಮೊದಲನೆಯದು, ದೋಣಿಯಿಂದ ಬಹುದೂರದವರೆಗೆ ಹರಡಿರುವ ನೀರು ಅಲೆಗಳನ್ನು ಪ್ರತಿಫಲಿಸಿ ದಿಗಂತಕ್ಕೆ ತೀರ ಹತ್ತಿರದ ಕೋನದಲ್ಲಿ ಹೊರಡಿಸುತ್ತದೆ. ದೂರದ ಸಂಪರ್ಕಕ್ಕೆ ಬೇಕಾದದ್ದು ಅದೇ. ಈ ಲಾಭ ಗ್ರೌಂಡ್ ಹೇಗೇ ಇರಲಿ ಸಮುದ್ರದ ಮೇಲಿರುವ ಪ್ರತಿ ಲಂಬ ಆಂಟೆನಾಗೂ ಸಿಗುತ್ತದೆ. ಎರಡನೆಯದು, ಟ್ಯೂನರಿನ ಗ್ರೌಂಡ್ ತಿರುಪಿಗೆ ಪ್ರವಾಹ ಮರಳುವ ದಾರಿಯಾಗುವುದು. ದೋಣಿಯನ್ನು ಕಟ್ಟುವವನ ಕೈಯಲ್ಲಿರುವುದು ಈ ಎರಡನೆಯದು ಮಾತ್ರ.

ಆ ದಾರಿಯ ಗುಣ ಎಷ್ಟು ಮುಖ್ಯ ಎಂಬುದು ಆವೃತ್ತಿಯ ಮೇಲೆ ನಿಂತಿದೆ. ಆಂಟೆನಾದಿಂದ ಅಲೆಯಾಗಿ ಹೊರಟುಹೋಗುವ ಶಕ್ತಿಯನ್ನು ಎಂಜಿನಿಯರರು ಒಂದು ರೋಧಕ್ಕೆ ಸಮಾನವೆಂದು ಎಣಿಸಿ ಅದನ್ನು ವಿಕಿರಣ ರೋಧ ಎನ್ನುತ್ತಾರೆ. ಹನ್ನೆರಡು ಮೀಟರ್ ಎತ್ತರದ ತಂತಿಗೆ, ಹಳೆಯ ಆಪತ್ಕಾಲದ ಆವೃತ್ತಿಯಾದ 2182 ಕಿಲೊಹರ್ಟ್ಸ್‌ನಲ್ಲಿ, ಅದು ಬರೀ ಮೂರು ಓಮ್‌ನ ಆಸುಪಾಸು. ಗ್ರೌಂಡಿನ ದಾರಿಯಲ್ಲಿ ಒಂಬತ್ತು ಓಮ್‌ನ ವ್ಯರ್ಥ ರೋಧವಿದ್ದರೆ ಪ್ರೇಷಕದ 100 ವಾಟಿನಲ್ಲಿ 25 ವಾಟ್ ಮಾತ್ರ ಅಲೆಯಾಗುತ್ತದೆ, ಮಿಕ್ಕದ್ದೆಲ್ಲ ಬಿಸಿ. ಅದೇ ತಂತಿಗೆ 8 ಮೆಗಾಹರ್ಟ್ಸ್‌ನಲ್ಲಿ ವಿಕಿರಣ ರೋಧ ಎಂಬತ್ತು ಓಮ್‌ನಷ್ಟಾಗುವುದರಿಂದ ಅದೇ ಒಂಬತ್ತು ಓಮ್ ಕಸಿಯುವುದು ಹತ್ತನೆಯ ಒಂದು ಪಾಲನ್ನು ಮಾತ್ರ. ಇನ್ನೂ ಮೇಲೆ, 12 ಮೆಗಾಹರ್ಟ್ಸ್‌ನ ಹತ್ತಿರ, ಹನ್ನೆರಡು ಮೀಟರ್ ಎಂಬುದು ಸರಿಯಾಗಿ ಅರ್ಧ ತರಂಗವಾಗಿಬಿಡುತ್ತದೆ; ಆಗ ಬುಡದಲ್ಲಿ ಪ್ರವಾಹ ತೀರ ಕಡಿಮೆಯಾಗಿ, ವೋಲ್ಟೇಜು ಸಾವಿರದ ಲೆಕ್ಕಕ್ಕೆ ಏರಿ, ಗ್ರೌಂಡಿಗಿಂತ ಟ್ಯೂನರಿಗೇ ಸಂಕಟವಾಗುತ್ತದೆ. ಬ್ಯಾಕ್‌ಸ್ಟೇಯ ಉದ್ದವನ್ನು, ಕೆಳಗಿನಿಂದ ಏರುವ ತಂತಿಯನ್ನೂ ಕೂಡಿಸಿ, ಇಂಥ ಅಳತೆಯಿಂದ ತಪ್ಪಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಒಟ್ಟಿನಲ್ಲಿ ಮೇಲಿನ ಆವೃತ್ತಿಗಳಲ್ಲಿ ಸಲೀಸಾಗಿ ಮಾತನಾಡುವ ದೋಣಿ 2 ಮತ್ತು 4 ಮೆಗಾಹರ್ಟ್ಸ್‌ನಲ್ಲಿ ಮೂಕವಾದರೆ ಮೊದಲು ಸಂಶಯಪಡಬೇಕಾದದ್ದು ಗ್ರೌಂಡನ್ನು.

ದೋಣಿಯವರ ನಡುವೆ ತಲೆಮಾರಿನಿಂದ ನಡೆದು ಬಂದಿರುವ ಉಪದೇಶವೆಂದರೆ ಒಡಲಿನೊಳಗೆ ನೂರು ಚದರ ಅಡಿ, ಅಂದರೆ ಸುಮಾರು ಒಂಬತ್ತು ಚದರ ಮೀಟರ್, ತಾಮ್ರದ ಹಾಳೆ ಅಂಟಿಸಬೇಕೆಂಬುದು. ಅದರ ಹಿಂದೆ ತರ್ಕವಿಲ್ಲದಿಲ್ಲ. ನೀರಿನ ಮಟ್ಟದ ಕೆಳಗೆ, ಫೈಬರ್‌ಗ್ಲಾಸ್ ಗೋಡೆಯ ಒಳಮೈಗೆ ಅಂಟಿದ ತಾಮ್ರ ಒಂದು ಕಡೆ, ಹೊರಗಿನ ಉಪ್ಪುನೀರು ಇನ್ನೊಂದು ಕಡೆ, ನಡುವೆ ನಿರೋಧಕ ಗೋಡೆ. ಇದು ಪಠ್ಯಪುಸ್ತಕದ ಧಾರಕವೇ ಸರಿ, ನೇರ ಪ್ರವಾಹವನ್ನು ತಡೆದರೂ ರೇಡಿಯೊ ಆವೃತ್ತಿಯ ಪರ್ಯಾಯ ಪ್ರವಾಹವನ್ನು ದಾಟಿಸುತ್ತದೆ. ಒಂದು ಸೆಂಟಿಮೀಟರ್ ದಪ್ಪದ ಗೋಡೆಯ ಮೇಲೆ ಒಂದು ಚದರ ಮೀಟರ್ ಹಾಳೆಯ ಧಾರಕತೆ ನಾಲ್ಕು ನ್ಯಾನೊಫ್ಯಾರಡ್‌ನಷ್ಟು, 8 ಮೆಗಾಹರ್ಟ್ಸ್‌ನಲ್ಲಿ ಅದು ಒಡ್ಡುವ ಅಡ್ಡಿ ಕೇವಲ ಐದು ಓಮ್, 2 ಮೆಗಾಹರ್ಟ್ಸ್‌ನಲ್ಲಿ ಇಪ್ಪತ್ತು. ಅಡ್ಡಿಯ ಈ ಬಗೆ ಶಕ್ತಿಯನ್ನು ತಿನ್ನುವುದಿಲ್ಲವಾದ್ದರಿಂದ ಟ್ಯೂನರ್ ಅದನ್ನು ಸರಿದೂಗಿಸಿಕೊಳ್ಳುತ್ತದೆ. ಹೀಗಿರುವಾಗ ಒಂದೆರಡು ಚದರ ಮೀಟರಿನಲ್ಲಿ ಮುಗಿಯುವ ಕೆಲಸಕ್ಕೆ ಒಂಬತ್ತು ಚದರ ಮೀಟರ್ ತಾಮ್ರವೇಕೆ ಎಂಬುದಕ್ಕೆ ಈ ಉಪದೇಶದಲ್ಲಿ ಉತ್ತರವಿಲ್ಲ. ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಮರ ಅಥವಾ ನೊರೆಯಂಥ ತಿರುಳಿಟ್ಟು ಕಟ್ಟಿದ ದೋಣಿಗಳಲ್ಲಿ ಲೆಕ್ಕ ಬದಲಾಗುತ್ತದೆ. ಗೋವಾದಲ್ಲಿ ನಿರ್ಮಾಣವಾಗಿ, ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017–18ರಲ್ಲಿ ಭೂಪ್ರದಕ್ಷಿಣೆ ಮಾಡಿದ ತಾರಿಣಿಯ ಒಡಲೂ ಮರದ ತಿರುಳಿನದೇ. ಗೋಡೆ ದಪ್ಪವಾದಷ್ಟೂ ಧಾರಕತೆ ಕುಸಿಯುವುದರಿಂದ ಇಂಥ ಒಡಲುಗಳಲ್ಲಿ ಹಾಳೆ ಅಂಟಿಸುವ ಬದಲು ನೀರನ್ನು ನೇರವಾಗಿ ಮುಟ್ಟುವ ಲೋಹವನ್ನು ಹುಡುಕುವುದು ಲೇಸು.

ನೇರವಾಗಿ ಮುಟ್ಟುವುದಕ್ಕೂ ಬಹಳ ಲೋಹ ಬೇಡ. ಐದು ಸೆಂಟಿಮೀಟರ್ ವ್ಯಾಸದ ಕಂಚಿನ ಬಿಲ್ಲೆಯೊಂದರಿಂದ ಉಪ್ಪುನೀರಿಗೆ ಪ್ರವಾಹ ಹರಡಿಕೊಳ್ಳುವಾಗ ಎದುರಾಗುವ ರೋಧ ಸರಳ ಲೆಕ್ಕದಲ್ಲಿ ಎರಡೂವರೆ ಓಮ್‌ನಷ್ಟು, ಒಂದು ಚದರ ಅಡಿಯ ಫಲಕಕ್ಕೆ ಅರ್ಧ ಓಮ್‌ಗಿಂತಲೂ ಕಡಿಮೆ. ರೇಡಿಯೊ ಪ್ರವಾಹ ಮೇಲ್ಪದರಕ್ಕೆ ಸೀಮಿತವಾಗುವುದರಿಂದ ವಾಸ್ತವದಲ್ಲಿ ಇವು ಸ್ವಲ್ಪ ಏರುತ್ತವೆ, ಅಷ್ಟೇ. ನೀರು ಒಳಗೆ ಹೊರಗೆ ಹೋಗಲು ದೋಣಿಯ ತಳದಲ್ಲಿ ಕೂರಿಸಿದ ಕಂಚಿನ ಕವಾಟ ಟ್ಯೂನರಿನ ಹತ್ತಿರದಲ್ಲೇ ಇದ್ದರೆ ಅದೊಂದೇ 4 ಮೆಗಾಹರ್ಟ್ಸ್‌ನಿಂದ ಮೇಲೆ ಸಾಕಷ್ಟು ಒಳ್ಳೆಯ ಗ್ರೌಂಡಾಗುತ್ತದೆ. ರಂಧ್ರಮಯ ಕಂಚಿನ ಫಲಕಗಳನ್ನು, ಅವುಗಳ ಒಳರಂಧ್ರಗಳನ್ನೆಲ್ಲ ಬಿಡಿಸಿ ಹಾಸಿದರೆ ಎಷ್ಟೋ ಪಟ್ಟು ವಿಸ್ತೀರ್ಣವಾಗುತ್ತದೆಂದು ಹೇಳಿ ಮಾರುವುದುಂಟು. ಪ್ರವಾಹ ಫಲಕದ ಹೊರಮೈಯಿಂದಲೇ ನೀರಿಗೆ ಹರಡಿಕೊಳ್ಳುವುದರಿಂದ ಆ ಲೆಕ್ಕಕ್ಕೆ ಬೆಲೆಯಿಲ್ಲ.

ನಿಜವಾದ ಸಮಸ್ಯೆ ನೀರಿನಲ್ಲಿಲ್ಲ, ನೀರಿನವರೆಗಿನ ದಾರಿಯಲ್ಲಿದೆ. ಯಾವುದೇ ನೇರ ತಂತಿಗೂ ಪ್ರೇರಕತೆ ಎಂಬ ಗುಣವಿದೆ, ಪ್ರವಾಹದ ಬದಲಾವಣೆಗೆ ಅದು ಅಡ್ಡಿಮಾಡುತ್ತದೆ, ಆವೃತ್ತಿ ಏರಿದಂತೆ ಈ ಅಡ್ಡಿಯೂ ಏರುತ್ತದೆ. ಎರಡು ಮಿಲಿಮೀಟರ್ ದಪ್ಪದ, ಎರಡು ಮೀಟರ್ ಉದ್ದದ ತಂತಿ 8 ಮೆಗಾಹರ್ಟ್ಸ್‌ನಲ್ಲಿ ಸುಮಾರು ನೂರೈವತ್ತು ಓಮ್‌ನ ಅಡ್ಡಿಯೊಡ್ಡುತ್ತದೆ. ಅದರ ಬದಲು ಏಳೂವರೆ ಸೆಂಟಿಮೀಟರ್ ಅಗಲದ ತಾಮ್ರದ ಪಟ್ಟಿ ಹಾಕಿದರೆ ಅದು ತೊಂಬತ್ತಕ್ಕೆ ಇಳಿಯುತ್ತದೆ. ಪಟ್ಟಿಯನ್ನು ಒಂದು ಮೀಟರಿಗೆ ಕುಗ್ಗಿಸಿದರೆ ನಲವತ್ತರೊಳಗೆ ಬರುತ್ತದೆ. ಅಗಲ ಮಾಡುವ ಉಪಕಾರಕ್ಕಿಂತ ಗಿಡ್ಡವಾಗಿರುವುದು ಮಾಡುವ ಉಪಕಾರ ದೊಡ್ಡದೆಂಬುದು ಈ ಅಂಕಿಗಳಿಂದಲೇ ಕಾಣುತ್ತದೆ. ದಪ್ಪಕ್ಕಂತೂ ಮಹತ್ವವೇ ಇಲ್ಲ, ಏಕೆಂದರೆ 8 ಮೆಗಾಹರ್ಟ್ಸ್‌ನ ಪ್ರವಾಹ ತಾಮ್ರದ ಮೇಲ್ಮೈಯ 0.023 ಮಿಲಿಮೀಟರಿನಷ್ಟು ತೆಳುಪದರದಲ್ಲಿಯೇ ಹರಿಯುತ್ತದೆ. ಹರಿಯದೆ ಬಾಳಿಕೆ ಬರುವಷ್ಟು ದಪ್ಪವಿದ್ದರೆ ಸಾಕು.

ಟ್ಯೂನರ್ ಈ ಅಡ್ಡಿಯನ್ನೂ ಸರಿದೂಗಿಸಬಲ್ಲದು, ಆದರೆ ಅದಕ್ಕೊಂದು ಬೆಲೆಯಿದೆ. ತೊಂಬತ್ತು ಓಮ್‌ನ ದಾರಿಯಲ್ಲಿ ಒಂದು ಆಂಪಿಯರ್ ಹರಿದಾಗ ಟ್ಯೂನರಿನ ಗ್ರೌಂಡ್ ತಿರುಪು ಸಮುದ್ರಕ್ಕಿಂತ ತೊಂಬತ್ತು ವೋಲ್ಟ್ ಮೇಲೆ ನಿಂತಿರುತ್ತದೆ, ಅಂದರೆ ಗ್ರೌಂಡ್ ಎಂದು ಗುರುತು ಹಾಕಿದ ಜಾಗವೇ ಆಂಟೆನಾದ ಭಾಗವಾಗಿಬಿಡುತ್ತದೆ. ಆಗ ಪ್ರವಾಹ ಬೇರೆ ದಾರಿ ಹುಡುಕುತ್ತದೆ: ರೇಡಿಯೊದಿಂದ ಟ್ಯೂನರಿಗೆ ಬರುವ ಕೊಆಕ್ಸಿಯಲ್ ಕೇಬಲಿನ ಹೊರಕವಚದ ಮೇಲೆ ಹಿಮ್ಮುಖವಾಗಿ ಏರಿ, ನಕ್ಷೆಯ ಮೇಜಿನವರೆಗೆ ಬಂದು, ಅಲ್ಲಿಂದ ದೋಣಿಯ ಎಲ್ಲ ತಂತಿಗಳಿಗೂ ಹಬ್ಬುತ್ತದೆ. ಮಾತನಾಡುವವನ ತುಟಿಗೆ ಮೈಕು ಚುರ್ರೆನ್ನುವುದು, ದೀಪಗಳು ಮಾತಿನ ಏರಿಳಿತಕ್ಕೆ ತಕ್ಕಂತೆ ಮಿನುಗುವುದು, ಎಲ್ಲಕ್ಕಿಂತ ಮಿಗಿಲಾಗಿ ಪ್ರಸಾರ ಶುರುವಾದೊಡನೆ ಸ್ವಯಂಚಾಲಿತ ಚುಕ್ಕಾಣಿ ದಾರಿ ಬಿಟ್ಟು ದೋಣಿಯನ್ನು ತಿರುಗಿಸಿಬಿಡುವುದು ಇದರ ಹೆಸರುವಾಸಿ ಲಕ್ಷಣಗಳು. ಕೇಬಲುಗಳಿಗೆ ಫೆರೈಟ್ ಉಂಗುರಗಳನ್ನು ತೊಡಿಸಿ ಆ ಪ್ರವಾಹವನ್ನು ತಡೆಯಬಹುದು. ಟ್ಯೂನರನ್ನು ನೀರಿನ ಮಟ್ಟಕ್ಕೆ ಇನ್ನರ್ಧ ಮೀಟರ್ ಹತ್ತಿರ ಸರಿಸಿದರೆ ಆ ಖರ್ಚೇ ಅನೇಕ ವೇಳೆ ಉಳಿಯುತ್ತದೆ.

ಒಳ್ಳೆಯ ಗ್ರೌಂಡಿಗಾಗಿ ಕಂಚಿನ ಕವಾಟ, ಎಂಜಿನ್, ಕೀಲ್ ಎನ್ನಲಾಗುವ ತಳದ ಸೀಸದ ಅಥವಾ ಕಬ್ಬಿಣದ ಭಾರ ಇವನ್ನೆಲ್ಲ ತಾಮ್ರದಿಂದ ಬೆಸೆಯುವವರು ಮರೆಯುವ ಅಪಾಯವೊಂದಿದೆ. ಉಪ್ಪುನೀರಿನಲ್ಲಿ ಮುಳುಗಿರುವ ಎರಡು ಬೇರೆ ಲೋಹಗಳನ್ನು ತಂತಿಯಿಂದ ಜೋಡಿಸಿದರೆ ಅದೇ ಬ್ಯಾಟರಿಯಾಗಿ, ಕೀಳು ಲೋಹ ಕರಗತೊಡಗುತ್ತದೆ. ಬಲಿಗೆಂದೇ ಕಟ್ಟಿದ ಸತುವಿನ ತುಂಡುಗಳು ಮೊದಲು ಸವೆದರೂ ಅವು ಮುಗಿದ ಮೇಲೆ ಸರದಿ ಕವಾಟಗಳಿಗೂ ಬರಬಹುದು, ಆ ಕವಾಟ ಕೈಕೊಟ್ಟರೆ ದೋಣಿಯೇ ಮುಳುಗೀತು. ಪರಿಹಾರ ಅಗ್ಗದ್ದು, ಆದರೂ ಅನೇಕ ದೋಣಿಗಳಲ್ಲಿ ಅದು ಇರುವುದಿಲ್ಲ: ತಾಮ್ರದ ಪಟ್ಟಿಯನ್ನು ಒಂದೆಡೆ ಕತ್ತರಿಸಿ, ಕೆಲವು ಮಿಲಿಮೀಟರಿನ ಆ ಕಂಡಿಗೆ ಅಡ್ಡಲಾಗಿ 0.1 ಮೈಕ್ರೊಫ್ಯಾರಡ್‌ನ ಒಂದೆರಡು ಸೆರಾಮಿಕ್ ಧಾರಕಗಳನ್ನು ಬೆಸುಗೆ ಹಾಕುವುದು. 2 ಮೆಗಾಹರ್ಟ್ಸ್‌ನಲ್ಲಿ ಅಂಥ ಒಂದರ ಅಡ್ಡಿ ಒಂದು ಓಮ್‌ಗೂ ಕಡಿಮೆ. ಲೋಹ ತಿನ್ನುವ ನೇರ ಪ್ರವಾಹಕ್ಕಾದರೋ ದಾರಿ ಪೂರ್ತಿ ಮುಚ್ಚಿದಂತೆಯೇ. ಕಟ್ಟಿದ್ದನ್ನೆಲ್ಲ ಎಪಾಕ್ಸಿಯಿಂದ ಮುಚ್ಚಿ ಉಪ್ಪಿನಿಂದ ಕಾಪಾಡಬೇಕು. ಅಲ್ಯುಮಿನಿಯಂ ಒಡಲಿನ ದೋಣಿಗಳಲ್ಲಿ ಈ ಧಾರಕಗಳು ಕಡ್ಡಾಯವೆಂದೇ ಹೇಳಬೇಕು: ಇಡೀ ಒಡಲೇ ಅತ್ಯುತ್ತಮ ಗ್ರೌಂಡಾಗಿ ಒಂದು ಗೇಣು ಪಟ್ಟಿಯಲ್ಲಿ ಕೆಲಸ ಮುಗಿಯುತ್ತದಾದರೂ, ಸವೆತಕ್ಕೆ ಅಲ್ಯುಮಿನಿಯಂ ಬೇಗ ಈಡಾಗುತ್ತದೆ.

ಸಿಡಿಲಿನ ರಕ್ಷಣೆಯನ್ನು ಇದರೊಂದಿಗೆ ಬೆರೆಸದಿರುವುದು ವಿವೇಕ. ಅಮೆರಿಕದ ದೋಣಿ ನಿರ್ಮಾಣ ಮಾನದಂಡ ಕೂವೆಮರದಿಂದ ನೀರಿನ ಫಲಕಕ್ಕೆ ಇಳಿಯುವ ಸಿಡಿಲು ತಂತಿಗೆ ಸುಮಾರು 21 ಚದರ ಮಿಲಿಮೀಟರ್ ಅಡ್ಡಕೊಯ್ತವನ್ನೂ ಫಲಕಕ್ಕೆ ಒಂದು ಚದರ ಅಡಿಯನ್ನೂ ಹೇಳುತ್ತದೆ. ಏಳೂವರೆ ಸೆಂಟಿಮೀಟರ್ ಅಗಲ, 0.05 ಮಿಲಿಮೀಟರ್ ದಪ್ಪದ ರೇಡಿಯೊ ಪಟ್ಟಿಯ ಅಡ್ಡಕೊಯ್ತ ನಾಲ್ಕು ಚದರ ಮಿಲಿಮೀಟರನ್ನೂ ಮುಟ್ಟುವುದಿಲ್ಲ, ಸಿಡಿಲಿನ ಪ್ರವಾಹಕ್ಕೆ ಅದು ಆವಿಯಾಗುವಷ್ಟು ತೆಳು.

ತಾಮ್ರದ ಉಸಾಬರಿಯೇ ಬೇಡವೆನ್ನುವವರಿಗೂ ದಾರಿಗಳಿವೆ. ಪ್ರತಿ ಆವೃತ್ತಿಗೂ ಕಾಲು ತರಂಗದಷ್ಟು ಉದ್ದದ, ಅಂದರೆ 4 ಮೆಗಾಹರ್ಟ್ಸ್‌ಗೆ ಹದಿನೆಂಟು, 8ಕ್ಕೆ ಒಂಬತ್ತು, 12ಕ್ಕೆ ಆರು ಮೀಟರಿನಷ್ಟು ಹೊದಿಕೆ ತಂತಿಗಳನ್ನು ಗ್ರೌಂಡ್ ತಿರುಪಿಗೆ ಕಟ್ಟಿ ದೋಣಿಯ ಅಂಚಿನೊಳಗೆ ಹಾಯಿಸಿದರೆ ಅವೇ ನೀರಿನ ಬದಲು ಪ್ರವಾಹವನ್ನು ಸ್ವೀಕರಿಸುತ್ತವೆ. ಫೈಬರ್‌ಗ್ಲಾಸ್ ಮತ್ತು ನೀರಿನ ಸಾಮೀಪ್ಯ ಅವುಗಳ ಅಳತೆಯನ್ನು ಏರುಪೇರು ಮಾಡುತ್ತದಾದರೂ ಬಾಡಿಗೆಯ ಅಥವಾ ಮಾರಲಿರುವ ದೋಣಿಗೆ ಇದು ಸಾಕು. ಒಂದೇ ಆವೃತ್ತಿ ಪಟ್ಟಿ ಸಾಕೆನ್ನುವವರು ಗ್ರೌಂಡೇ ಬೇಕಿಲ್ಲದ ಲಂಬ ಡೈಪೋಲ್ ಕಟ್ಟಿಕೊಳ್ಳಬಹುದು.

ಮಾಡಿದ ಕೆಲಸ ಸರಿಯಾಗಿದೆಯೇ ಎಂದು ತಿಳಿಯುವುದು ಸುಲಭವಲ್ಲ. ಸ್ಥಾಯೀ ತರಂಗ ಅನುಪಾತದ ಮೀಟರ್ ಒಂದಕ್ಕೆ ಒಂದು ಎಂದು ತೋರಿಸಿದರೆ ಬಹಳ ಮಂದಿ ತೃಪ್ತರಾಗುತ್ತಾರೆ, ಆದರೆ ಆ ಮೀಟರ್ ಹೇಳುವುದು ರೇಡಿಯೊ ಮತ್ತು ಟ್ಯೂನರಿನ ಹೊಂದಾಣಿಕೆಯನ್ನು ಮಾತ್ರ. ಶಕ್ತಿ ಅಲೆಯಾಯಿತೋ ಬಿಸಿಯಾಯಿತೋ ಅದಕ್ಕೆ ಗೊತ್ತಿಲ್ಲ. ಕೆಟ್ಟ ಗ್ರೌಂಡಿನ ವ್ಯರ್ಥ ರೋಧ ಹೊಂದಾಣಿಕೆಯನ್ನು ಇನ್ನಷ್ಟು ಸುಲಭ ಮಾಡುವುದೂ ಉಂಟು. ಸ್ವೀಕಾರದಿಂದಲೂ ನಿರ್ಣಯಿಸಲಾಗದು, ಏಕೆಂದರೆ ಆಕಾಶದ ಸಹಜ ಗದ್ದಲವೇ ಹೆಚ್ಚಿರುವ ಈ ಆವೃತ್ತಿಗಳಲ್ಲಿ ದುರ್ಬಲ ಆಂಟೆನಾ ಕೂಡ ಚೆನ್ನಾಗಿ ಕೇಳಿಸುತ್ತದೆ. ಎಲ್ಲರೂ ಕೇಳಿಸುತ್ತಾರೆ ಆದರೆ ತನ್ನ ಮಾತು ಯಾರಿಗೂ ತಲುಪುತ್ತಿಲ್ಲ ಎನ್ನುವ ದೋಣಿಯ ದೂರಿನ ಬೇರು ಹೆಚ್ಚಾಗಿ ಇಲ್ಲಿದೆ. ಅಂತರ್ಜಾಲದಲ್ಲಿ ಸಾರ್ವಜನಿಕರಿಗೆ ತೆರೆದಿರುವ ದೂರದ ಸ್ವೀಕಾರ ಕೇಂದ್ರಗಳಲ್ಲಿ ತನ್ನದೇ ಪ್ರಸಾರವನ್ನು, ಕೆಳಗಿನ ಆವೃತ್ತಿಗಳಲ್ಲಿ, ಗ್ರೌಂಡ್ ಬದಲಿಸುವ ಮೊದಲು ಮತ್ತು ಆಮೇಲೆ ಕೇಳಿ ಹೋಲಿಸುವುದು ಈಗಿರುವ ಒಳ್ಳೆಯ ಪರೀಕ್ಷೆ.

ಇಷ್ಟೆಲ್ಲ ಮಾಡಿದರೂ ಬ್ಯಾಕ್‌ಸ್ಟೇ ಆಂಟೆನಾದ ಒಂದು ದೌರ್ಬಲ್ಯ ಉಳಿಯುತ್ತದೆ: ಕೂವೆಮರ ಬಿದ್ದರೆ ಅದೂ ಬೀಳುತ್ತದೆ. 2018ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ, ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಅವರ ತುರಿಯಾ ದೋಣಿ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಉರುಳಿ ಕೂವೆಮರ ಕಳೆದುಕೊಂಡಾಗ, ಬೆನ್ನಿಗೆ ತೀವ್ರ ಪೆಟ್ಟಾಗಿದ್ದ ಅವರ ಸುದ್ದಿ ಹೊರಜಗತ್ತಿಗೆ ತಲುಪಿದ್ದು ಉಪಗ್ರಹದ ಮೂಲಕ ಕಿರುಸಂದೇಶ ಕಳಿಸುವ ಸಾಧನದಿಂದ. ಫ್ರಾನ್ಸಿನ ಒಸಿರಿಸ್ ಹಡಗು ಅವರನ್ನು ರಕ್ಷಿಸಿತು. ಸಮುದ್ರದ ನಡುವೆ ಕೂವೆಮರ ಕಳೆದುಕೊಂಡ ದೋಣಿಯಲ್ಲಿ ಟ್ಯೂನರ್ ಮತ್ತು ಗ್ರೌಂಡ್ ಸಾಮಾನ್ಯವಾಗಿ ಹಾಗೆಯೇ ಉಳಿದಿರುತ್ತವೆ, ಇಲ್ಲದಿರುವುದು ಮೇಲರ್ಧ ಮಾತ್ರ. ಆದ್ದರಿಂದ ದೂರಯಾನಕ್ಕೆ ಹೊರಡುವವರು ಎಂಟು–ಹತ್ತು ಮೀಟರ್ ಹೊದಿಕೆ ತಂತಿಯೊಂದನ್ನು ಟ್ಯೂನರಿನ ಗೂಡಿನಲ್ಲಿಯೇ ಸುತ್ತಿಟ್ಟುಕೊಂಡು, ಬಂದರು ಬಿಡುವ ಮೊದಲು ಅದನ್ನು ಒಂದು ಗಳಕ್ಕೆ ಕಟ್ಟಿ, ಟ್ಯೂನ್ ಆಗುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ ನೋಡಬೇಕು.